ಹೊರಗಿನ ಹಲಗೆ, ಒಳಗಿನ ಅಕ್ಷರ



ಬೀದರ ನಗರ ನಿಂತಿರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಭಾಲ್ಕಿಯನ್ನು ದಾಟಿ ಮಹಾರಾಷ್ಟ್ರದ ಗಡಿಯತ್ತ ಸಾಗಿದರೆ ಮೆಹಕರ ಸೀಮೆ. ಇಲ್ಲಿನ ಊರುಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡಿ ಬೆಳೆದಿವೆ. ಪೇಟೆಯಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇಂಥ ನಾಡಿನಲ್ಲಿ ಮಗುವಿಗೆ ಯಾವ ನುಡಿಯಲ್ಲಿ ಅಕ್ಷರ ಕಲಿಸಬೇಕು, ಯಾವ ನುಡಿಯಲ್ಲಿ ಪ್ರಾರ್ಥನೆ ಹೇಳಿಕೊಡಬೇಕು ಎಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ.

ಚರಿತ್ರೆಯನ್ನು ಕೇಳೋಣ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಹೊತ್ತಿಗೆ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತ ಭಾಷೆಯಾಯಿತು. ರೈತನ ಮಗ ಮನೆಯ ಮಾತನ್ನು ಶಾಲೆಯ ಹೊಸ್ತಿಲಲ್ಲೇ ಬಿಟ್ಟು ಒಳಹೋಗಬೇಕಾಯಿತು. ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. 1999ರಲ್ಲಿ ಲಿಂಗೈಕ್ಯರಾದ ಆ ಹಿರಿಯರನ್ನು ಗಡಿನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಅವರಿಗೆ ಉರ್ದುವಿನ ಮೇಲೆ ದ್ವೇಷವಿರಲಿಲ್ಲ. ತಾಯ್ನುಡಿಯನ್ನು ಕಳೆದುಕೊಂಡ ಮಗು ತನ್ನನ್ನೇ ಕೀಳೆಂದು ಭಾವಿಸೀತೆಂಬ ಕಳವಳವಿತ್ತು.

ಇದೇ ಕಳವಳ ಭೂಮಿಯ ಇನ್ನೊಂದು ಮಗ್ಗುಲಲ್ಲೂ ಕಾಣುತ್ತದೆ. ದಕ್ಷಿಣ ಅಮೆರಿಕದ ತೀತಿಕಾಕ ಸರೋವರ ಸುಮಾರು 12,500 ಅಡಿ ಎತ್ತರದಲ್ಲಿದೆ. ಅದರ ಸುತ್ತಣ ಚಳಿನಾಡಿನಲ್ಲಿ ಆಲೂಗಡ್ಡೆ ಬೆಳೆದು, ಲಾಮಾ ಸಾಕಿ ಬದುಕಿದವರು ಐಮಾರಾ ಜನ. ಬೊಲಿವಿಯಾದ ಒಮಾಸುಯೋಸ್ ಪ್ರಾಂತ್ಯದಲ್ಲಿ ಅವೆಲಿನೋ ಸಿನ್ಯಾನಿ ಎಂಬ ಐಮಾರಾ ರೈತ, ಜಮೀನ್ದಾರರ ಕಣ್ಣುತಪ್ಪಿಸಿ ತನ್ನವರ ಮಕ್ಕಳಿಗೆ ಓದು ಕಲಿಸುತ್ತಿದ್ದ. 1931ರ ಆಗಸ್ಟ್ 2ರಂದು ಅವನೂ ಶಿಕ್ಷಕ ಎಲಿಸಾರ್ದೊ ಪೆರೆಸರೂ ಸೇರಿ ವಾರಿಸಾತ ಗ್ರಾಮದಲ್ಲಿ ಶಾಲೆ ತೆರೆದರು. ಊರವರೇ ಕಲ್ಲು ಹೊತ್ತು ಕಟ್ಟಿದರು. ಹತ್ತು ವರ್ಷ ತುಂಬುವಷ್ಟರಲ್ಲಿ ಅಧಿಕಾರಸ್ಥರು ಆ ಪ್ರಯೋಗವನ್ನು ಹತ್ತಿಕ್ಕಿದರು. ಆದರೆ 2010ರಲ್ಲಿ ಬೊಲಿವಿಯಾ ತನ್ನ ಶಿಕ್ಷಣ ಕಾಯಿದೆಗೆ ಆ ಇಬ್ಬರ ಹೆಸರನ್ನೇ ಇಟ್ಟಿತು.

ಇಲ್ಲಿ ಧರ್ಮಸಭೆಯ ಪಾತ್ರವೇನು? 1584ರಲ್ಲಿ ಲಿಮಾ ನಗರದಲ್ಲಿ ಅಚ್ಚಾದ ಧರ್ಮೋಪದೇಶ ಗ್ರಂಥ ಸ್ಪ್ಯಾನಿಷ್, ಕೆಚುವಾ ಮತ್ತು ಐಮಾರಾ ಮೂರರಲ್ಲೂ ಇತ್ತು. ಸರೋವರದ ತೀರದ ಹೂಲಿಯಲ್ಲಿ ದುಡಿದ ಯೇಸುಸಭೆಯ ಗುರು ಲುದೊವಿಕೊ ಬೆರ್ತೊನಿಯೊ 1612ರಲ್ಲಿ ಐಮಾರಾ ನಿಘಂಟನ್ನು ಹೊರತಂದರು. ಇದು ನಮಗೆ ಹೆಮ್ಮೆಯ ಸಂಗತಿ. ಆದರೂ ಆ ಸೇವೆ ಸ್ಪೇನಿನ ಅರಸೊತ್ತಿಗೆಯ ನೆರಳಲ್ಲಿ ನಡೆಯಿತು. ಆ ಆಳ್ವಿಕೆಯೇ ಐಮಾರಾ ಜನರನ್ನು ಬೆಳ್ಳಿಯ ಗಣಿಗಳಿಗೆ ಬಲವಂತದ ದುಡಿಮೆಗೆ ಅಟ್ಟಿತ್ತು. ಎರಡನ್ನೂ ಒಟ್ಟಿಗೆ ನೆನೆಯುವುದೇ ಸತ್ಯಕ್ಕೆ ಸಲ್ಲಿಸುವ ಗೌರವ. ನಿಘಂಟು ಪದಗಳನ್ನು ಕಾಪಾಡಿತು. ನುಡಿಯನ್ನು ಕಾಪಾಡಿದವರು ಒಲೆಯ ಮುಂದೆ ಮಕ್ಕಳೊಡನೆ ಮಾತಾಡಿದ ತಾಯಂದಿರು.

ನಮ್ಮಲ್ಲಿ 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾ ಮರಾಠಿಯ ಪಾಲಾದವು. ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ. ಭಾಲ್ಕಿ, ಔರಾದ ಕನ್ನಡಕ್ಕೆ. ನಿನ್ನೆ ಬಾಗಿಲ ಹಿಂದೆ ಅಡಗಿದ್ದ ಕನ್ನಡ ಮುಂದೆ ಸರ್ಕಾರದ ಭಾಷೆಯಾಯಿತು. ಆದ್ದರಿಂದಲೇ ಮೆಹಕರದ ಮರಾಠಿ ಮನೆಯ ಮಗುವಿನ ಬಗ್ಗೆಯೂ ಕನ್ನಡಿಗರಾದ ನಮಗೆ ಹೊಣೆಯಿದೆ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. ನಮಗೆ ಸಿಗಲಿಲ್ಲವೆಂದು ನೊಂದದ್ದನ್ನು ನೆರೆಯವನಿಗೆ ಕೊಡುವುದೇ ಸುವಾರ್ತೆಯ ದಾರಿ.

ಪೆಂತೆಕೋಸ್ತ್ ದಿನದಂದು ಪವಿತ್ರಾತ್ಮರು ಜನರೆಲ್ಲರಿಗೂ ಹೊಸದೊಂದು ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬರೂ ತಂತಮ್ಮ ನುಡಿಯಲ್ಲೇ ಕೇಳಿದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಲಿಪೀಠದ ಬಾಗಿಲು ತೆರೆದಾಗ ನೆನಪಿಸಿದ್ದೂ ಇದನ್ನೇ.

ಇಂದು ಅನೇಕ ಶಾಲೆಗಳ ಹೊರಗಿನ ಹಲಗೆ ಇಂಗ್ಲಿಷಿನದು, ಒಳಗೂ ಅದೇ. ಇಂಗ್ಲಿಷ್ ಬೇಕು, ಮಕ್ಕಳು ಕಲಿಯಲಿ. ಆದರೆ ಸಂಜೆಯ ಜಪಸರದ ಹೊತ್ತಿಗೆ ಮೊಮ್ಮಗು ಹೇಳುವ ಪ್ರಾರ್ಥನೆಗೆ ಅಜ್ಜಿ ದನಿಗೂಡಿಸಲಾರದಿದ್ದರೆ ಆ ಮನೆಯಲ್ಲಿ ಏನೋ ಮುರಿದಿದೆ. ಪಟ್ಟದ್ದೇವರಿಗೆ ಹಲಗೆಯನ್ನು ಬದಲಿಸುವ ಅಧಿಕಾರವಿರಲಿಲ್ಲ, ಒಳಗಿನ ಪಾಠ ಮಾತ್ರ ಅವರ ಕೈಯಲ್ಲಿತ್ತು. ನಮ್ಮ ಕೈಯಲ್ಲೂ ಅಷ್ಟಂತೂ ಇದೆ. ಈ ವಾರ ಒಂದು ಸಂಜೆ, ಅಜ್ಜಿ ಕಲಿತ ನುಡಿಯಲ್ಲಿ, ಅದು ಕನ್ನಡವಿರಲಿ, ಮರಾಠಿಯಿರಲಿ, ಲಂಬಾಣಿಯಿರಲಿ, ಮನೆಯವರೆಲ್ಲ ಕೂಡಿ ಒಂದು ಪ್ರಾರ್ಥನೆ ಹೇಳಿ. ಮಕ್ಕಳು ಅರ್ಥ ಕೇಳಿದರೆ ಅಜ್ಜಿಯೇ ಬಿಡಿಸಿ ಹೇಳಲಿ.