ಕಪ್ಪು ಬಣ್ಣದ ವಿಮಾನಗಳು

ಮರದ ತುಂಡಿನಿಂದ ವಿಮಾನದ ಪುಟ್ಟ ಮಾದರಿಯನ್ನು ಕೆತ್ತುವುದು ನನ್ನ ಬಹುಕಾಲದ ಹವ್ಯಾಸ. ಕೆತ್ತುವುದಕ್ಕಿಂತ ಬಣ್ಣ ಬಳಿಯುವುದೇ ಕಷ್ಟ. ರೆಕ್ಕೆಯ ಮೇಲಿನ ಲಾಂಛನ ಕೂದಲೆಳೆಯಷ್ಟು ಓರೆಯಾದರೂ ಹದಿನೈದು ದಿನಗಳ ಶ್ರಮ ವ್ಯರ್ಥವೆನಿಸುತ್ತದೆ. ಆದರೆ ಲಾಂಛನವಿಲ್ಲದೆ, ಕಿಟಕಿಯ ಗೆರೆಯೂ ಇಲ್ಲದೆ, ಅಡಿಯಿಂದ ಮುಡಿಯವರೆಗೆ ಕಪ್ಪು ಬಳಿದ ಮಾದರಿಗಳೇ ಶ್ರೇಷ್ಠವೆನಿಸಿದ್ದ ಕಾಲವೊಂದಿತ್ತು.

ಇಂಗ್ಲೆಂಡು ಎರಡನೆಯ ಮಹಾಯುದ್ಧಕ್ಕೆ ಇಳಿದು ಮೂರೇ ದಿನ. 1939ರ ಸೆಪ್ಟೆಂಬರ್ 6. ಇಂಗ್ಲೆಂಡಿನ ಸ್ಪಿಟ್‌ಫೈರ್ ವಿಮಾನಗಳು ತಮ್ಮವೇ ಆದ ಎರಡು ಹರಿಕೇನ್ ವಿಮಾನಗಳನ್ನು ಶತ್ರುಗಳೆಂದು ಭ್ರಮಿಸಿ ಹೊಡೆದುರುಳಿಸಿದವು. ಒಬ್ಬ ತರುಣ ಪೈಲಟ್ ಸತ್ತ. ಆಕಾಶದಲ್ಲಿ ತಮ್ಮವರಾರು, ಪರರಾರು ಎಂದು ಗುರುತಿಸುವುದು ಒಂದು ವಿದ್ಯೆಯೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಈ ವಿದ್ಯೆಗೆ ಒದಗಿಬಂದದ್ದು ಮಕ್ಕಳ ಆಟಿಕೆಯ ಒಂದು ಅಳತೆ. 1932ರಲ್ಲಿ ಇಂಗ್ಲೆಂಡಿನ ಜೇಮ್ಸ್ ಹೇ ಸ್ಟೀವನ್ಸ್ 'ಸ್ಕೈಬರ್ಡ್ಸ್' ಎಂಬ ಮರದ ಮಾದರಿಗಳನ್ನು ರೂಪಿಸಿದಾಗ ಆರು ಅಡಿಗೆ ಒಂದು ಅಂಗುಲ, ಎಂದರೆ 72ರಲ್ಲಿ ಒಂದು ಪಾಲು ಎಂಬ ಪ್ರಮಾಣವನ್ನು ಆರಿಸಿಕೊಂಡಿದ್ದ. ಆ ಪ್ರಮಾಣದ ಮಾದರಿಯನ್ನು 35 ಅಡಿ ದೂರದಲ್ಲಿಟ್ಟು ನೋಡಿದರೆ, ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿಯಿಂದ ಕಂಡಂತೆಯೇ ಕಾಣುತ್ತದೆ. ಅಷ್ಟು ದೂರದಲ್ಲಿ, ಬೆಳಕಿಗೆ ಅಡ್ಡವಾಗಿ, ಬಣ್ಣವೆಲ್ಲಿ ಕಂಡೀತು? ಉಳಿಯುವುದು ಆಕೃತಿ ಮಾತ್ರ. ಆದ್ದರಿಂದಲೇ ಕಪ್ಪು.

1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ದೇಶದ ಪ್ರೌಢಶಾಲೆಗಳಿಂದ ಇಂಥ 5 ಲಕ್ಷ ಮಾದರಿಗಳನ್ನು ಕೇಳಿತು. ಮಕ್ಕಳು ಶಾಲೆಯ ಮರಗೆಲಸದ ಕೊಠಡಿಗಳಲ್ಲಿ ಕೂತು ನಕ್ಷೆ ಹಿಡಿದು ಕೆತ್ತಿದರು. ಅಳತೆ ತಪ್ಪಿದವು ತಿರಸ್ಕೃತವಾದವು. ಮುಂದೆ ಈ ಕೆಲಸವನ್ನು ಅಚ್ಚಿನ ಪ್ಲಾಸ್ಟಿಕ್ ವಹಿಸಿಕೊಂಡಿತು. ಅವುಗಳಲ್ಲಿ ಎಷ್ಟೋ ಈಗ ಸೊಟ್ಟಗಾಗಿವೆ. ಮರದವು ಹಾಗಲ್ಲ ಎಂದು ಹೇಳುವಾಗ ನನಗೆ ಕೊಂಚ ಪಕ್ಷಪಾತವಿರಬಹುದು.

ಇಷ್ಟು ಕಲಿತರೂ ಕಣ್ಣು ಸೋತಿತು. 1943ರ ಜುಲೈ 11ರ ರಾತ್ರಿ ಸಿಸಿಲಿಯ ತೀರಕ್ಕೆ ಅಮೆರಿಕದ ಸೈನಿಕರನ್ನು ಹೊತ್ತು ಬಂದ 144 ವಿಮಾನಗಳ ಮೇಲೆ ಅವರದೇ ಹಡಗುಗಳೂ ನೆಲದ ಫಿರಂಗಿಗಳೂ ಗುಂಡು ಹಾರಿಸಿದವು. 23 ವಿಮಾನಗಳು ಬಿದ್ದವು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಜರ್ಮನರ ಬಾಂಬು ದಾಳಿಗೆ ತುತ್ತಾಗಿದ್ದ ಗೋಲಂದಾಜರಿಗೆ ಕತ್ತಲಲ್ಲಿ ಯಾವ ಆಕೃತಿಯೂ ನೆನಪಾಗಲಿಲ್ಲ.

ಕಡೆಗೆ ಬಣ್ಣವನ್ನೇ ಮೊರೆಹೊಕ್ಕರು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿಯುವ ಎರಡು ಮೂರು ದಿನ ಮುಂಚೆ, ಮಿತ್ರಪಕ್ಷದ ಸಾವಿರಾರು ವಿಮಾನಗಳ ರೆಕ್ಕೆ ಮತ್ತು ಒಡಲಿನ ಸುತ್ತ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಲು ಆಜ್ಞೆಯಾಯಿತು. ಒಂಟಿ ಎಂಜಿನ್ನಿನವಕ್ಕೆ 18 ಅಂಗುಲ ಅಗಲ, ಎರಡು ಎಂಜಿನ್ನಿನವಕ್ಕೆ 24. ಹೊತ್ತಿರಲಿಲ್ಲ, ಸಿಕ್ಕ ಕುಂಚದಿಂದ, ಕೆಲವೆಡೆ ಪೊರಕೆಯಿಂದಲೂ ಬಳಿದರು.

ಸಿಸಿಲಿಯಲ್ಲಿ ಬಿದ್ದವುಗಳ ಜಾತಿಯದೇ ಆದ ಡಕೋಟಾ ವಿಮಾನವೊಂದನ್ನು ನಾನು ಕೆತ್ತಿದ್ದೇನೆ. ಅದರ ಮೇಲೆ ಪಟ್ಟೆಯ ಅಗಲ ಅಂಗುಲದ ಮೂರನೆಯ ಒಂದು ಭಾಗ. ಮೊದಲು ಟೇಪು ಅಂಟಿಸಿ, ಅಂಚು ಗೀಟು ಹಾಕಿದಂತೆ ಬಳಿದಿದ್ದೆ, ಗೆಳೆಯರು ಮೆಚ್ಚಿದ್ದರು. ಆ ದಿನದ ಛಾಯಾಚಿತ್ರಗಳನ್ನು ನೋಡಿದ ಮೇಲೆ ಅದನ್ನೆಲ್ಲ ಉಜ್ಜಿ ತೆಗೆದು ಬರಿಗೈಯಿಂದ ಮತ್ತೆ ಬಳಿದೆ. ಕೈ ಅಲುಗಿದ ಕಡೆ ಅಂಚನ್ನು ತಿದ್ದಲು ಹೋಗಿಲ್ಲ.