‘ಟಾಪ್ ಸೀಕ್ರೆಟ್’ ಮುದ್ರೆಯ ಅರ್ಥವೇನು? ಸರ್ಕಾರ ಯಾವ ಕಡತವನ್ನು, ಹೇಗೆ ಗೋಪ್ಯವಾಗಿಡುತ್ತದೆ?

2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷ ನಡೆಯುತ್ತಿದ್ದ ದಿನಗಳಲ್ಲಿ ಒಂದು ಪತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಸೇನಾ ಮುಖ್ಯಸ್ಥ ‘ಜನರಲ್ ವಿ.ಕೆ. ನಾರಾಯಣ್’ ಎಂಬುವವರು ಸೇನೆಯ ಸನ್ನದ್ಧತೆಯ ಬಗ್ಗೆ ಉತ್ತರ ಕಮಾಂಡ್‌ಗೆ ಬರೆದ ಗೋಪ್ಯ ಪತ್ರ ಅದು ಎಂದು ಹೇಳಲಾಗಿತ್ತು. ಆದರೆ ಆ ಹೆಸರಿನವರು ಸೇನಾ ಮುಖ್ಯಸ್ಥರೇ ಅಲ್ಲ. ಆಗ ಆ ಹುದ್ದೆಯಲ್ಲಿದ್ದವರು ಜನರಲ್ ಉಪೇಂದ್ರ ದ್ವಿವೇದಿ. ಪತ್ರ ನಕಲಿ ಎಂದು ಪಿಐಬಿ ಫ್ಯಾಕ್ಟ್ ಚೆಕ್ ಸ್ಪಷ್ಟಪಡಿಸಿತು.

ಮುಖ್ಯಸ್ಥರ ಹೆಸರನ್ನೇ ತಪ್ಪಾಗಿ ಬರೆದಿದ್ದ ಪತ್ರವನ್ನು ಜನ ಯಾಕೆ ನಂಬಿದರು? ‘ಗೋಪ್ಯ’ ಎಂಬ ಒಂದು ಪದ ಕಂಡರೆ ಅದರಲ್ಲಿ ನಮಗೆ ಹೇಳದ ಸತ್ಯ ಏನೋ ಇದೆ ಎಂದು ನಮಗೆಲ್ಲ ಅನಿಸುತ್ತದೆ. ಹಾಗಾಗಿ ಈ ಮುದ್ರೆಯ ನಿಜವಾದ ಅರ್ಥವೇನು, ಅದನ್ನು ಹಾಕುವ ಕ್ರಮವೇನು ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಭಾರತದಲ್ಲಿ ಎಷ್ಟು ದರ್ಜೆಗಳಿವೆ?

ಕೇಂದ್ರ ಸರ್ಕಾರದ ಗೋಪ್ಯ ಕಡತಗಳಿಗೆ ನಾಲ್ಕು ದರ್ಜೆಗಳಿವೆ. ಬಹಿರಂಗವಾದರೆ ಎಷ್ಟು ಹಾನಿಯಾಗಬಹುದು ಎಂಬುದೇ ಇವುಗಳ ಅಳತೆಗೋಲು.

1. ಟಾಪ್ ಸೀಕ್ರೆಟ್ (ಪರಮ ರಹಸ್ಯ): ಹೊರಬಿದ್ದರೆ ದೇಶದ ಭದ್ರತೆಗೆ ಅಥವಾ ಹಿತಾಸಕ್ತಿಗೆ ಅತ್ಯಂತ ಗಂಭೀರ ಹಾನಿಯಾಗುವಂಥದ್ದು.
2. ಸೀಕ್ರೆಟ್ (ರಹಸ್ಯ): ಗಂಭೀರ ಹಾನಿಯಾಗುವ ಅಥವಾ ಸರ್ಕಾರಕ್ಕೆ ತೀವ್ರ ಮುಜುಗರ ತರುವಂಥದ್ದು.
3. ಕಾನ್ಫಿಡೆನ್ಷಿಯಲ್ (ಗೋಪ್ಯ): ಹಾನಿಯಾಗುವ ಅಥವಾ ಸರ್ಕಾರವನ್ನು ಮುಜುಗರಕ್ಕೀಡು ಮಾಡುವಂಥದ್ದು.
4. ರಿಸ್ಟ್ರಿಕ್ಟೆಡ್ (ನಿರ್ಬಂಧಿತ): ಕಚೇರಿ ಕೆಲಸಕ್ಕೆ ಮಾತ್ರ ಮೀಸಲಾದದ್ದು, ಪ್ರಕಟಿಸುವಂತಿಲ್ಲ.

ಉಳಿದ ಕಡತಗಳಿಗೆ ಯಾವ ದರ್ಜೆಯೂ ಇಲ್ಲ. ಆದ್ದರಿಂದ ಸರ್ಕಾರಿ ಲೆಟರ್‌ಹೆಡ್ ಇದ್ದ ಮಾತ್ರಕ್ಕೆ ಯಾವ ಕಾಗದವೂ ಗೋಪ್ಯವಾಗುವುದಿಲ್ಲ.

ಈ ದರ್ಜೆಗಳನ್ನು ಸಂಸತ್ತು ಕಾನೂನಿನ ಮೂಲಕ ಮಾಡಿಲ್ಲ. ಗೃಹ ಸಚಿವಾಲಯದ 1994ರ ಇಲಾಖಾ ಭದ್ರತಾ ಸೂಚನೆಗಳ ಕೈಪಿಡಿಯಂಥ ಆಡಳಿತಾತ್ಮಕ ನಿಯಮಗಳಿಂದ ಅವು ಬಂದಿವೆ. ಶಿಕ್ಷೆ ವಿಧಿಸುವ ಕಾನೂನು ಬೇರೆ ಇದೆ. ಅದು ಬ್ರಿಟಿಷರ ಕಾಲದ, 1923ರ ಅಧಿಕೃತ ರಹಸ್ಯಗಳ ಕಾಯ್ದೆ. ‘ರಹಸ್ಯ’ ಎಂದರೇನು ಎಂಬ ವ್ಯಾಖ್ಯಾನ ಆ ಕಾಯ್ದೆಯಲ್ಲಿ ಇಲ್ಲ. ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಈ ಕಾಯ್ದೆಯನ್ನು ರದ್ದುಪಡಿಸಲು ಶಿಫಾರಸು ಮಾಡಿತ್ತು. ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದಲ್ಲಿ ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್ ಎಂಬ ಮೂರೇ ದರ್ಜೆಗಳಿವೆ. ಕಾನೂನು ಉಲ್ಲಂಘನೆಯನ್ನು ಮುಚ್ಚಿಡಲು ಅಥವಾ ಮುಜುಗರ ತಪ್ಪಿಸಿಕೊಳ್ಳಲು ಗೋಪ್ಯ ಮುದ್ರೆ ಬಳಸುವಂತಿಲ್ಲ ಎಂದು 2009ರ ಅಧ್ಯಕ್ಷೀಯ ಆದೇಶ 13526 ನೇರವಾಗಿ ಹೇಳುತ್ತದೆ. ನಮ್ಮಲ್ಲಿ ಸರ್ಕಾರದ ಮುಜುಗರವೂ ಒಂದು ಅಳತೆಗೋಲು ಎಂಬುದನ್ನು ಮೇಲೆ ನೋಡಿದ್ದೇವೆ. ಬ್ರಿಟನ್ 2014ರಲ್ಲಿ ತನ್ನ ಹಳೆಯ ಪದ್ಧತಿ ಬಿಟ್ಟು ಅಫಿಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂಬ ಮೂರು ದರ್ಜೆಗಳಿಗೆ ಬಂತು.

ನಂಬಿಕೆ: ಗೋಪ್ಯ ಮುದ್ರೆ ಬಿದ್ದರೆ ಆರ್‌ಟಿಐ ಅಡಿ ಕೇಳುವಂತೆಯೇ ಇಲ್ಲ

ಇದು ಪೂರ್ತಿ ನಿಜವಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎ) ಪ್ರಕಾರ ದೇಶದ ಭದ್ರತೆ, ಸಾರ್ವಭೌಮತೆಗೆ ಧಕ್ಕೆ ತರುವ ಮಾಹಿತಿಯನ್ನು ನಿರಾಕರಿಸಬಹುದು. ಅಂದರೆ ಲೆಕ್ಕಕ್ಕೆ ಬರುವುದು ಒಳಗಿರುವ ವಿಷಯ. ಹಾನಿಗಿಂತ ಸಾರ್ವಜನಿಕ ಹಿತವೇ ಹೆಚ್ಚು ತೂಗಿದರೆ ಅಧಿಕೃತ ರಹಸ್ಯಗಳ ಕಾಯ್ದೆ ಏನೇ ಹೇಳಿದರೂ ಮಾಹಿತಿ ಕೊಡಬಹುದು ಎಂದು ಸೆಕ್ಷನ್ 8(2) ಹೇಳುತ್ತದೆ. ಐಬಿ, ರಾ ಮುಂತಾದ ಸಂಸ್ಥೆಗಳಿಗೆ ಸೆಕ್ಷನ್ 24ರಡಿ ವಿನಾಯಿತಿ ಇದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ನ್ಯಾಯಾಲಯಗಳೂ ಮುದ್ರೆ ನೋಡಿ ಸುಮ್ಮನಾಗುವುದಿಲ್ಲ. ರಫೇಲ್ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಪ್ರಕಟವಾಗಿದ್ದ ಗೋಪ್ಯ ದಾಖಲೆಗಳನ್ನು ಪರಿಗಣಿಸಬಾರದು ಎಂದು ಕೇಂದ್ರ ಸರ್ಕಾರ ವಾದಿಸಿತ್ತು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಆ ಆಕ್ಷೇಪವನ್ನು ತಳ್ಳಿಹಾಕಿತು. ಅದೇ ವರ್ಷದ ನವೆಂಬರ್ 14ರಂದು ಮರುಪರಿಶೀಲನಾ ಅರ್ಜಿಗಳನ್ನೇ ವಜಾ ಮಾಡಿತು. ಹಾಗಾಗಿ ‘ದಾಖಲೆ ಸೋರಿತು, ಆರೋಪ ಸಾಬೀತಾಯಿತು’ ಎಂದುಕೊಳ್ಳುವುದೂ ತಪ್ಪು.

ನಂಬಿಕೆ: ಇಷ್ಟು ವರ್ಷವಾದರೆ ರಹಸ್ಯ ತಾನಾಗಿಯೇ ಹೊರಬರುತ್ತದೆ

ಭಾರತದಲ್ಲಿ ಹಾಗೆ ತಾನಾಗಿ ಹೊರಬರುವ ವ್ಯವಸ್ಥೆ ಇಲ್ಲ. ಸಾರ್ವಜನಿಕ ದಾಖಲೆಗಳ ಕಾಯ್ದೆ (1993) ಮತ್ತು ಅದರ ನಿಯಮಗಳ (1997) ಪ್ರಕಾರ ಗೋಪ್ಯ ಕಡತಗಳನ್ನು ಆಗಾಗ ಮರುಪರಿಶೀಲಿಸಿ ದರ್ಜೆ ಇಳಿಸಬೇಕು. ಆ ತೀರ್ಮಾನ ಅಧಿಕಾರಿಗಳದ್ದೇ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ 1963ರಲ್ಲಿ ಸಲ್ಲಿಕೆಯಾದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ದಶಕಗಳ ಕಾಲ ಬಿಡುಗಡೆ ಮಾಡಲಿಲ್ಲ. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಅಂತರ್ಜಾಲದಲ್ಲಿ ಹಾಕಿದರು. ಇನ್ನೊಂದೆಡೆ, ನೇತಾಜಿ ಸುಭಾಷ್ ಚಂದ್ರ ಬೋಸ್ ಅವರಿಗೆ ಸಂಬಂಧಿಸಿದ 100 ಕಡತಗಳನ್ನು 2016ರ ಜನವರಿ 23ರಂದು ಸರ್ಕಾರವೇ ಬಹಿರಂಗಪಡಿಸಿತು. ಯುದ್ಧ ಇತಿಹಾಸಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕು ಎಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ತಂದಿದೆ.

ಸುಳ್ಳು ‘ರಹಸ್ಯ’ದ ಬೆಲೆ

ರಾಕೆಟ್ ತಂತ್ರಜ್ಞಾನದ ರಹಸ್ಯ ಮಾರಿದ್ದಾರೆ ಎಂಬ ಆರೋಪದ ಮೇಲೆ 1994ರಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಬಂಧಿಸಿದರು. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಅದೇ ಕತೆ. 1996ರಲ್ಲಿ ಸಿಬಿಐ ಆರೋಪ ಸುಳ್ಳೆಂದು ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸುವಷ್ಟರಲ್ಲಿ 2018 ಬಂದಿತ್ತು. ಆಗ ವಾಟ್ಸ್‌ಆ್ಯಪ್ ಇರಲಿಲ್ಲ. ಈಗಾಗಿದ್ದರೆ ಆ ಸುಳ್ಳು ಎಷ್ಟು ಗುಂಪುಗಳಿಗೆ ತಲುಪುತ್ತಿತ್ತೋ ನೀವೇ ಊಹಿಸಿ.

ಇಂಥ ಫಾರ್ವರ್ಡ್ ಬಂದರೆ ಏನು ಮಾಡಬೇಕು?

‘ಟಾಪ್ ಸೀಕ್ರೆಟ್, ಎಲ್ಲರಿಗೂ ಕಳಿಸಿ’ ಎಂದು ಬಂದ ಪತ್ರದ ಬಗ್ಗೆ ಎರಡೇ ಸಾಧ್ಯತೆಗಳಿವೆ.

ಪತ್ರ ನಕಲಿಯಾಗಿದ್ದರೆ ನೀವು ಸುಳ್ಳು ಹರಡುತ್ತೀರಿ. ನಿಜವಾಗಿದ್ದರೆ ಕಾನೂನಿನ ತೊಡಕಿಗೆ ಸಿಲುಕಬಹುದು. ಅಧಿಕೃತ ರಹಸ್ಯಗಳ ಕಾಯ್ದೆಯ ಸೆಕ್ಷನ್ 5, ರಹಸ್ಯ ಮಾಹಿತಿಯನ್ನು ಹೊರಬಿಟ್ಟವರನ್ನಷ್ಟೇ ಅಲ್ಲ, ಅದು ಕಾನೂನುಬಾಹಿರವಾಗಿ ಬಂದದ್ದೆಂದು ತಿಳಿದೂ ಸ್ವಇಚ್ಛೆಯಿಂದ ಪಡೆದವರನ್ನೂ ತಪ್ಪಿತಸ್ಥರೆನ್ನುತ್ತದೆ. ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮುದ್ರೆ ಇಲ್ಲದಿದ್ದರೂ ಎಚ್ಚರ ಬೇಕಾದ ಸಂದರ್ಭಗಳಿವೆ. ಸೇನಾ ವಾಹನಗಳ ಸಾಲು ಹೋಗುತ್ತಿರುವ ವಿಡಿಯೊದ ಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಆದರೂ ಅದು ಜಾಗ, ಸಮಯ, ದಿಕ್ಕನ್ನು ಹೇಳಿಬಿಡುತ್ತದೆ. ರಕ್ಷಣಾ ಕಾರ್ಯಾಚರಣೆ, ಪಡೆಗಳ ಚಲನವಲನದ ನೇರ ಪ್ರಸಾರ ಬೇಡ ಎಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2025ರ ಏಪ್ರಿಲ್ 26ರಂದು ಸೂಚಿಸಿದಾಗ ಸಾಮಾಜಿಕ ಜಾಲತಾಣ ಬಳಕೆದಾರರಿಗೂ ಆ ಮಾತು ಹೇಳಿತ್ತು.

ಆದ್ದರಿಂದ ಪತ್ರದಲ್ಲಿರುವ ಹೆಸರು, ಹುದ್ದೆ, ದಿನಾಂಕ ತಾಳೆಯಾಗುತ್ತವೆಯೇ ನೋಡಿ. ಪಿಐಬಿ ಫ್ಯಾಕ್ಟ್ ಚೆಕ್ ಪುಟದಲ್ಲಿ ಅಥವಾ ನಂಬಿಕಸ್ತ ಸುದ್ದಿಮೂಲದಲ್ಲಿ ಹುಡುಕಿ. ನಿಮ್ಮ ಗುಂಪಿನಲ್ಲಿ ಹಿರಿಯರು ಕಳಿಸಿದ್ದರೆ ಜಗಳಕ್ಕಿಳಿಯದೆ, ‘ಇದು ಎಲ್ಲಿಂದ ಬಂತು?’ ಎಂದು ಕೇಳಿ. ಉತ್ತರ ಸಿಗುವವರೆಗೆ ಆ ಪತ್ರ ನಿಮ್ಮ ಫೋನಿನಲ್ಲೇ ನಿಲ್ಲಲಿ.