ಖೋಲಿಗೆ ಗಾಳಿ, ಸೂರಿಗೆ ನೆರಳು

ಮುಂಬಯಿಯ ದುಡಿಯುವ ಜನ ನೂರು ವರ್ಷಕ್ಕೂ ಮೇಲ್ಪಟ್ಟು ಹೆಚ್ಚುಕಡಿಮೆ ಒಂದೇ ಅಳತೆಯ ಮನೆಯಲ್ಲಿ ಬಾಳಿದ್ದಾರೆ. ಹತ್ತಡಿಗೆ ಹನ್ನೆರಡಡಿಯ ಖೋಲಿ. ಒಲೆ, ಹಾಸಿಗೆ, ಮಕ್ಕಳ ಓದು ಎಲ್ಲವೂ ಅದರೊಳಗೆ. ಗೋಡೆ ಬದಲಾಗಿದೆ, ಮಾಡು ಬದಲಾಗಿದೆ, ನೆಲಕ್ಕಂಟಿದ್ದ ಮನೆ ಹತ್ತಾರು ಮಹಡಿ ಮೇಲೇರಿದೆ. ಆದರೂ ಮಾರ್ಚ್‌ನಿಂದ ಜೂನ್‌ವರೆಗೆ, ಮತ್ತೆ ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ, ಒಳಗಿನ ಸೆಕೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಪ್ರಶ್ನೆಗೆ ಪ್ಲೇಗಿನ ಕಾಲದ ಅಧಿಕಾರಿಗಳು ಒಂದು ಉತ್ತರ ಕೊಟ್ಟರು, ವಿಜ್ಞಾನಿಗಳು ಇನ್ನೊಂದು ಕೊಟ್ಟರು, ಪುನರ್ವಸತಿ ಕಾನೂನು ಮತ್ತೊಂದು ಕೊಟ್ಟಿತು. ಈಗ ಮಾರುಕಟ್ಟೆ ಎಸಿಯನ್ನು ಮುಂದಿಡುತ್ತಿದೆ. ಈ ಉತ್ತರಗಳನ್ನೆಲ್ಲ ಸಾಲಾಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಈ ಊರಿನ ಪುಟ್ಟ ಮನೆಗೆ ತಂಪು ಬರುವುದು ಎರಡು ಕೆಲಸಗಳಿಂದ, ಮಾಡಿನ ಕಾವನ್ನು ತಡೆಯುವುದರಿಂದ ಮತ್ತು ಮನೆಯೊಳಗೆ ಗಾಳಿ ಹಾಯಿಸುವುದರಿಂದ. ಪ್ರತಿ ಕಾಲವೂ ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟಿದೆ. ಯಂತ್ರದ ಸರದಿ ಬರಬೇಕಾದದ್ದು ಇವೆರಡೂ ಆದ ಮೇಲೆ.

ಮೊದಲು ಹವೆಯನ್ನು ಅರಿಯಬೇಕು. ಬೇಸಗೆಯ ಮನೆ ಎಂದೊಡನೆ ನೆನಪಿಗೆ ಬರುವ ಉಪಾಯಗಳಲ್ಲಿ ಬಹುಪಾಲು ಮರುಭೂಮಿಯವು: ದಪ್ಪ ಮಣ್ಣಿನ ಗೋಡೆ, ಚಿಕ್ಕ ಕಿಟಕಿ, ನೀರು ತೊಟ್ಟಿಕ್ಕುವ ಕೂಲರ್. ಜೈಸಲ್ಮೇರಿನ ಮೇ ತಿಂಗಳಲ್ಲಿ ಹಗಲು ಸುಮಾರು 42 ಡಿಗ್ರಿ ಇದ್ದರೆ ಇರುಳಿಗೆ ಹದಿನೈದು ಡಿಗ್ರಿಯಷ್ಟು ಇಳಿಯುತ್ತದೆ. ಹಗಲ ಕಾವನ್ನು ಹೀರಿಕೊಂಡ ದಪ್ಪ ಗೋಡೆಗೆ ರಾತ್ರಿ ಅದನ್ನು ಬಿಟ್ಟುಕೊಡಲು ಅಲ್ಲಿ ಅವಕಾಶವಿದೆ. ಚಳಿಗಾಲದಲ್ಲಿ ಅದೇ ಗೋಡೆ ಬೆಚ್ಚಗೂ ಇಡುತ್ತದೆ. ಮುಂಬಯಿಯ ಮೇ ತಿಂಗಳ ಹಗಲು ಸುಮಾರು 33, ಇರುಳು ಸುಮಾರು 27. ಆರು ಡಿಗ್ರಿಯ ಈ ಅಂತರದಲ್ಲಿ ಬಿಸಿಯೇರಿದ ಕಾಂಕ್ರೀಟು ಬೆಳಗಿನವರೆಗೂ ಆರುವುದಿಲ್ಲ. ಕೂಲರಿನ ಲೆಕ್ಕವೂ ಹಾಗೆಯೇ. ನೀರನ್ನು ಆವಿಯಾಗಿಸಿ ಗಾಳಿಯನ್ನು ಎಷ್ಟು ತಣಿಸಬಹುದು ಎಂಬುದಕ್ಕೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಯೇ ಮಿತಿ. 42 ಡಿಗ್ರಿಯಲ್ಲಿ ತೇವಾಂಶ ಶೇ 15 ಇದ್ದರೆ ಆ ಅಂಕಿ ಸುಮಾರು 22. ಅಂದರೆ ಇಪ್ಪತ್ತು ಡಿಗ್ರಿ ಇಳಿಸುವ ಅವಕಾಶ. ಮುಂಬಯಿಯ 33 ಡಿಗ್ರಿ, ಶೇ 70 ತೇವಾಂಶದಲ್ಲಿ ಅದು ಸುಮಾರು 28. ಇಲ್ಲಿ ಕೂಲರ್ ಮೂರುನಾಲ್ಕು ಡಿಗ್ರಿ ಇಳಿಸಿದರೂ ಕೋಣೆಯ ತೇವವನ್ನು ಹೆಚ್ಚಿಸಿ, ಬೆವರು ಆರದಂತೆ ಮಾಡುತ್ತದೆ. ಈ ಊರನ್ನು ಸಹಜವಾಗಿ ತಂಪಿಡುವುದು ಪಶ್ಚಿಮದ ಕಡಲಗಾಳಿ. ಅದು ನಡುಹಗಲಿನ ಮೊದಲೇ ಬೀಸಿದರೆ ದಿನ ಸಹನೀಯ. ಒಳನಾಡಿನ ಮೂಡಗಾಳಿ ಅದನ್ನು ಮಧ್ಯಾಹ್ನದವರೆಗೆ ತಡೆದಾಗಲೇ ಮಾರ್ಚ್ ತಿಂಗಳ ಉರಿಬಿಸಿಲಿನ ದಿನಗಳು ಬರುತ್ತವೆ. ಸಾಂತಾಕ್ರೂಸ್ ವೀಕ್ಷಣಾಲಯದಲ್ಲಿ 1952ರ ಏಪ್ರಿಲ್ 14ರಂದು 42.2 ಡಿಗ್ರಿ ದಾಖಲಾಗಿತ್ತು. ಆದರೆ ಈ ಕರಾವಳಿಯಲ್ಲಿ ಪ್ರಾಣ ಹೋಗಲು ಅಷ್ಟು ಬಿಸಿಲೇ ಬೇಕೆಂದಿಲ್ಲ. 2023ರ ಏಪ್ರಿಲ್‌ನಲ್ಲಿ ನವಿಮುಂಬಯಿಯ ಖಾರ್‌ಘರ್‌ನ ಬಯಲಲ್ಲಿ ನಡೆದ ಸಮಾರಂಭದ ದಿನ ಉಷ್ಣತೆ ನಲವತ್ತು ಮುಟ್ಟಿರಲಿಲ್ಲ. ಆದರೂ ಬಿಸಿಲಾಘಾತಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು.

ಪುಟ್ಟ ಮನೆಯ ಗಾಳಿಬೆಳಕು ಸರ್ಕಾರದ ಹೊಣೆಯಾದದ್ದು ರೋಗದ ಭಯದಿಂದ. 1896ರಲ್ಲಿ ಬಂದ ಪ್ಲೇಗು ಕಿಕ್ಕಿರಿದ ಓಣಿಗಳಲ್ಲಿ ಹಬ್ಬಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ 1912ರ ಹೊತ್ತಿಗೆ ಒತ್ತಿ ಹೇಳಿದ ನಿಯಮವೊಂದು ಇಂದಿಗೂ ಗಮನಾರ್ಹ. ವಾಸದ ಕೋಣೆಯ ಕಿಟಕಿಯ ಎದುರಿನ ಕಟ್ಟಡ 63.5 ಡಿಗ್ರಿ ಕೋನದ ಗೆರೆಯನ್ನು ಮೀರಿ ಎದ್ದುನಿಲ್ಲಬಾರದು. ಸರಳವಾಗಿ ಹೇಳುವುದಾದರೆ, ಎದುರಿನ ಗೋಡೆ ಇಪ್ಪತ್ತಡಿ ಎತ್ತರವಿದ್ದರೆ ನಡುವೆ ಹತ್ತಡಿಯಾದರೂ ಬಯಲಿರಬೇಕು. ಬೆಳಕಿಗಾಗಿ ಹುಟ್ಟಿದ ಈ ನಿಯಮ ಗಾಳಿಗೂ ದಾರಿ ಬಿಟ್ಟಿತು. 1920ರಲ್ಲಿ ಆರಂಭವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಬಿಡಿಡಿ ಚಾಳುಗಳನ್ನು, ಅಂದರೆ ಸಾಲುಖೋಲಿಗಳ ಕಟ್ಟಡಗಳನ್ನು, ಕಾಂಕ್ರೀಟಿನಲ್ಲಿ ಕಟ್ಟಿತು. ಒಂದೊಂದು ಮನೆಗೆ 160 ಚದರ ಅಡಿ. ಇಕ್ಕಟ್ಟು, ಸಾಮೂಹಿಕ ಶೌಚಾಲಯ, ಕತ್ತಲೆಗಳ ಬಗ್ಗೆ ಅಂದೇ ಟೀಕೆಗಳಿದ್ದವು. 1925ರಲ್ಲಿ ಬರ್ನೆಟ್-ಹರ್ಸ್ಟ್ ಬರೆದ ಮುಂಬಯಿ ಕಾರ್ಮಿಕರ ವಸತಿಯ ಅಧ್ಯಯನ ಆ ಕಾಲದ ಚಾಳುಗಳ ದುಃಸ್ಥಿತಿಯನ್ನು ದಾಖಲಿಸಿತು. ಚಾಳನ್ನು ಹಾಡಿ ಹೊಗಳಬೇಕಾಗಿಲ್ಲ. ಆದರೆ ಒಂದು ಬದಿಗೆ ಪಡಸಾಲೆಯ ಬಾಗಿಲು, ಎದುರು ಬದಿಗೆ ಕಿಟಕಿ ಇದ್ದ ಚಾಳಿನ ಖೋಲಿಯಲ್ಲಿ ಗಾಳಿ ಒಂದೆಡೆ ಹೊಕ್ಕು ಇನ್ನೊಂದೆಡೆ ಹೊರಡುತ್ತಿತ್ತು, ಪಡಸಾಲೆ ಗೋಡೆಗೆ ನೆರಳಾಗುತ್ತಿತ್ತು ಎಂಬುದು ಮರೆಯಬಾರದ ಪಾಠ.

ಹಳೆಯ ಮನೆಗಳಿಗೆ ಮೇಲಿನಿಂದ ಬಂದ ರಕ್ಷಣೆಯಲ್ಲಿ ನಮ್ಮ ಕರಾವಳಿಯ ಪಾಲಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯ ಹಂಚು, ಆಮೇಲೆ ಬಂದ ಹತ್ತಾರು ಕಾರ್ಖಾನೆಗಳ ಹಂಚು, ಹಡಗೇರಿ ಮುಂಬಯಿಗೆ ಹೋಗಿ ಅಲ್ಲಿನ ಮಾಡುಗಳನ್ನು ಹೊದಿಸಿತು. ಸುಟ್ಟ ಮಣ್ಣು ಕಾವನ್ನು ತಡವಾಗಿ ಒಳಬಿಡುತ್ತದೆ, ಜೋಡಣೆಯ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ, ಇಳಿಜಾರಿನ ಅಡಿಯ ಅಟ್ಟ ಬೇಗೆಯನ್ನು ತಲೆಯಿಂದ ದೂರವಿಡುತ್ತದೆ. ಗುಡಿಸಲ ವಸತಿಗಳು ಬೆಳೆದಂತೆ ಹಂಚಿನ ಜಾಗವನ್ನು ತಗಡು ಮತ್ತು ಸಿಮೆಂಟ್ ಶೀಟು ಹಿಡಿದವು. ಅವು ಹಗುರ, ಬೇಗ ಹಾಕಬಹುದು, ಬಿಚ್ಚಿ ಮತ್ತೆ ಬಳಸಬಹುದು. ನಾಳೆ ಏನಾಗುವುದೋ ತಿಳಿಯದ ಕುಟುಂಬಕ್ಕೆ ಈ ಗುಣಗಳು ದೊಡ್ಡವು. ಆದರೆ ನೆತ್ತಿಯ ಬಿಸಿಲಿಗೆ ತಗಡು 60 ಡಿಗ್ರಿ ದಾಟಿ ಕಾದು, ಕೆಳಗೆ ಕುಳಿತವರ ಮೇಲೆ ಕಾವನ್ನು ಸೂಸುತ್ತದೆ. ಕುಟುಂಬ ಬೆಳೆದಾಗ ಮೇಲೆ ಏರಿಸುವ ಮಾಳಾ, ಅಂದರೆ ತಗಡಿನಡಿಯ ಎರಡನೆಯ ಕೋಣೆ, ಈ ಕಾವಿಗೆ ತೀರ ಹತ್ತಿರ. ಕೊಳೆಗೇರಿಯ ಮನೆಗಳಿಗಿರುವ ಎತ್ತರದ ಮಿತಿಯಿಂದಾಗಿ ಅಲ್ಲಿ ನಿಂತರೆ ತಲೆ ಮಾಡಿಗೆ ತಾಕುತ್ತದೆ. ಬಾಡಿಗೆಗೆ ಕೊಡುವುದೂ, ಹೊಲಿಗೆ ಕಸೂತಿಯ ದುಡಿಮೆ ನಡೆಯುವುದೂ ಬಹಳ ಕಡೆ ಈ ಮಾಳಾದಲ್ಲೇ.

ಈ ಅನುಭವವನ್ನು ಅಳೆಯುವ ವಿಜ್ಞಾನ ಬೆಳೆದ ಕಥೆಯಲ್ಲಿಯೂ ಕನ್ನಡ ನಾಡಿನ ಒಂದು ಅಧ್ಯಾಯವಿದೆ. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಕಟ್ಟಡಗಳನ್ನು ರೂಪಿಸಿದರು. ಸ್ವತಂತ್ರ ಭಾರತದ ವಸತಿ ನಿರ್ದೇಶಕರಾಗಿದ್ದು ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸಿದರು. 1974ರಲ್ಲಿ ಅವರು ಸಂಗಡಿಗರೊಡನೆ ಹೊರತಂದ ಕೈಪಿಡಿ ಒಣ ಬಿಸಿಲಿನ ನಾಡಿಗೂ ತೇವದ ಸೆಕೆಯ ನಾಡಿಗೂ ಬೇರೆಬೇರೆ ಮನೆ ಬೇಕೆಂದು ಬೋಧಿಸಿತು: ಮೊದಲನೆಯದಕ್ಕೆ ದಪ್ಪ, ಮುಚ್ಚಿದ, ಒತ್ತೊತ್ತಾದ ಕಟ್ಟಡ, ಎರಡನೆಯದಕ್ಕೆ ಗಾಳಿಗೆ ತೆರೆದ, ಹಗುರವಾದ, ನೆರಳಿನ ಕಟ್ಟಡ. ಅದೇ ವರ್ಷ ಫರ್ಗಸ್ ನಿಕಾಲ್ ರೂರ್ಕಿ ಮತ್ತು ಬಾಗ್ದಾದ್‌ಗಳ ಜನರ ಅನುಭವದ ದತ್ತಾಂಶವನ್ನು ವಿಶ್ಲೇಷಿಸಿ, ಬಿಸಿನಾಡಿನವರು ಗಾಳಿಯ ಚಲನೆಯಿದ್ದಾಗ ಪಾಶ್ಚಾತ್ಯ ಮಾನದಂಡಕ್ಕಿಂತ ಹೆಚ್ಚಿನ ಉಷ್ಣತೆಯಲ್ಲೂ ಹಾಯಾಗಿರಬಲ್ಲರೆಂದು ತೋರಿಸಿದರು.

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಎಂ.ಆರ್. ಶರ್ಮ ಮತ್ತು ಶರಾಫತ್ ಅಲಿ 1986ರಲ್ಲಿ ಮಂಡಿಸಿದ ಉಷ್ಣವಲಯದ ಬೇಸಗೆ ಸೂಚ್ಯಂಕ ನನ್ನ ವಾದಕ್ಕೆ ಗಟ್ಟಿ ಆಧಾರ. ಗಾಳಿಯ ತೇವ, ಸುತ್ತಲಿನ ಮೇಲ್ಮೈಗಳು ಸೂಸುವ ಕಾವು, ಗಾಳಿಯ ವೇಗ, ಈ ಮೂರನ್ನೂ ಅದು ಒಂದೇ ಅಂಕಿಗೆ ತರುತ್ತದೆ. 25ರಿಂದ 30 ಹಿತಕರ, 34ರವರೆಗೆ ತಾಳಬಹುದು. ಮೇಲೆ ಹೇಳಿದ ಮುಂಬಯಿಯ ಮಧ್ಯಾಹ್ನವನ್ನೇ ಇದಕ್ಕೆ ಹಾಕಿ ನೋಡೋಣ. ಕಾದ ತಗಡಿನಿಂದ ಕೋಣೆಯ ಕಾವು 37 ಡಿಗ್ರಿ ಆಗಿದ್ದು ಗಾಳಿ ನಿಂತಿದ್ದರೆ ಸೂಚ್ಯಂಕ 37ರ ಆಸುಪಾಸು, ತಾಳಿಕೆಯ ಆಚೆ. ಮಾಡಿನ ಕಾವು ತಡೆದು ಅದನ್ನು 33ಕ್ಕೆ ತಂದರೆ ಮೂರು ಅಂಕ ಇಳಿಯುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಗಾಳಿ ಮೈಗೆ ಹಾಯ್ದರೆ ಇನ್ನೂ ಎರಡೂವರೆ ಅಂಕ ಇಳಿದು 31.5ರ ಹತ್ತಿರ ಬರುತ್ತದೆ. ಒಂದನ್ನೇ ಮಾಡಿದರೆ ಮನೆ ತಾಳಿಕೆಯ ಅಂಚಿನಲ್ಲಿ ತೂಗಾಡುತ್ತದೆ. ಎರಡನ್ನೂ ಮಾಡಿದರೆ ಎಸಿ ಇಲ್ಲದೆಯೇ ಹಿತದ ಸಮೀಪಕ್ಕೆ ಬರುತ್ತದೆ. ಮಾಡು ಮತ್ತು ಗಾಳಿ ಒಂದಕ್ಕೊಂದು ಬದಲಿಯಲ್ಲ, ಜೊತೆಗಾರರು.

ಈ ಜ್ಞಾನ ಕೈಗೆ ಸಿಕ್ಕ ಮೇಲೂ ಸಾರ್ವಜನಿಕ ವಸತಿ ಬೇರೆ ದಾರಿ ಹಿಡಿಯಿತು. ಚಾರ್ಲ್ಸ್ ಕೊರಿಯಾ 1983ರ ಕಾಂಚನಜಂಗಾ ಗೋಪುರದಲ್ಲಿ ಆಳವಾದ ವರಾಂಡಗಳಿಂದ ಬಿಸಿಲುಮಳೆ ತಡೆದು ಕಡಲಗಾಳಿಯನ್ನು ಒಳಗೆ ಕರೆದರು. ನವಿಮುಂಬಯಿಯ ಬೇಲಾಪುರದಲ್ಲಿ ಪುಟ್ಟ ಮನೆಗಳಿಗೂ ತೆರೆದ ಅಂಗಳ ಕೊಟ್ಟರು. ಆದರೆ ನಗರದ ಬಡವರ ಪಾಲಿಗೆ ಬಂದದ್ದು 1995ರ ಕೊಳೆಗೇರಿ ಪುನರ್ವಸತಿ ಯೋಜನೆಯ ಕಟ್ಟಡ. ಮನೆಯ ವಿಸ್ತೀರ್ಣ 225 ಚದರ ಅಡಿಯಿಂದ 269ಕ್ಕೆ, ಆಮೇಲೆ 300ಕ್ಕೆ ಏರಿತು. ಸ್ವಂತ ನಲ್ಲಿ, ಸ್ವಂತ ಶೌಚಾಲಯ, ಒಕ್ಕಲೆಬ್ಬಿಸುವ ಭಯವಿಲ್ಲದ ಬಾಳು ಬಂತು; ಇದು ನಿಜವಾದ ಗಳಿಕೆ. ತಗಡಿನ ಕಾವೂ ಹೋಯಿತು. ಹೋದದ್ದು ಗಾಳಿ. ನಡುವೆ ಕತ್ತಲೆಯ ಪಡಸಾಲೆ, ಇಕ್ಕೆಲಕ್ಕೂ ಒಂದೇ ಬದಿಗೆ ಕಿಟಕಿಯಿರುವ ಮನೆಗಳು, ಕೆಲವೆಡೆ ಕಟ್ಟಡಗಳ ನಡುವೆ ಮೂರು ಮೀಟರ್ ಸಂದು. ಓರ್ ಅವರ ಲೆಕ್ಕದಲ್ಲಿ ಮೂರು ಮೀಟರ್ ಬಯಲಿಗೆ ಆರು ಮೀಟರ್ ಎತ್ತರವೇ ಮಿತಿ. ಇಲ್ಲಿ ಏಳೆಂಟು ಮಹಡಿಗಳು. ಐಐಟಿ ಬಾಂಬೆಯಲ್ಲಿದ್ದು ಈಗ ಕೇಂಬ್ರಿಜ್‌ನಲ್ಲಿರುವ ರೋನಿತಾ ಬರ್ಧನ್ ಮತ್ತು ಸಂಗಡಿಗರ ಸಂಶೋಧನೆಗಳು ಇಂಥ ವಿನ್ಯಾಸದಲ್ಲಿ ಗಾಳಿ ಹೇಗೆ ಕಟ್ಟಿಹೋಗುತ್ತದೆಂದು ವಿವರಿಸಿವೆ. ಡಾಕ್ಟರ್ಸ್ ಫಾರ್ ಯೂ ಸಂಸ್ಥೆ 2018ರಲ್ಲಿ ಹೊರತಂದ ಅಧ್ಯಯನದಲ್ಲಿ, ಒತ್ತೊತ್ತಾಗಿ ಕಟ್ಟಿದ ಪುನರ್ವಸತಿ ಕಾಲೊನಿಗಳಾದ ಲಲ್ಲೂಭಾಯಿ ಕಾಂಪೌಂಡ್ ಮತ್ತು ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ, ಹೆಚ್ಚು ಬಯಲಿದ್ದ ಪಿಎಂಜಿ ಕಾಲೊನಿಗಿಂತ ಕ್ಷಯರೋಗ ಬಹಳ ಹೆಚ್ಚಾಗಿ ಕಂಡುಬಂತು. ಸೆಕೆಗೂ ಸೋಂಕಿಗೂ ಕಾರಣ ಅದೇ ನಿಂತ ಗಾಳಿ.

ಜಾಗ ಚಿನ್ನದ ಬೆಲೆಯ ಈ ಊರಲ್ಲಿ ಅಂತರ ಬಿಡುವುದು ಸಾಧ್ಯವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅಂತರ ಹೆಚ್ಚಾದರೆ ಮನೆಗಳ ಸಂಖ್ಯೆ ಕಡಿಮೆಯಾಗಬಹುದು. ಆದರೆ ಅಂತರವೊಂದೇ ದಾರಿಯಲ್ಲ. ಪಡಸಾಲೆಯನ್ನು ಒಂದು ಬದಿಗೆ ಸರಿಸಿ ತೆರೆದಿಟ್ಟರೆ, ಕಟ್ಟಡಗಳನ್ನು ಕಡಲಗಾಳಿಗೆ ಅಡ್ಡವಾಗದಂತೆ ಜೋಡಿಸಿದರೆ, ಬಾಗಿಲ ಮೇಲೆ ಗಾಳಿಗಂಡಿ ಇಟ್ಟರೆ ಅದೇ ನೆಲದಲ್ಲಿ ಹೆಚ್ಚು ಗಾಳಿ ಸಿಗುತ್ತದೆ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ ಇದಕ್ಕೆ ಅಳತೆಯನ್ನೂ ಕೊಟ್ಟಿದೆ. ತೆರೆಯಬಲ್ಲ ಕಿಟಕಿಬಾಗಿಲುಗಳ ವಿಸ್ತೀರ್ಣ ಬಿಸಿ ಒಣಹವೆಯಲ್ಲಿ ನೆಲದ ಹತ್ತನೆಯ ಒಂದು ಪಾಲು ಸಾಕು. ಮುಂಬಯಿಯಂಥ ತೇವದ ಸೆಕೆಯಲ್ಲಿ ಆರನೆಯ ಒಂದು ಪಾಲು ಬೇಕು. 300 ಚದರ ಅಡಿಯ ಮನೆಗೆ ಅದು 50 ಚದರ ಅಡಿ. ಈ ಸಂಹಿತೆ ರಾಜ್ಯಗಳು ತಮ್ಮ ನಿಯಮದಲ್ಲಿ ಸೇರಿಸಿಕೊಂಡಾಗ ಮಾತ್ರ ಕಡ್ಡಾಯ. ಪುನರ್ವಸತಿ ಕಟ್ಟಡಗಳಿಗೆ ನಿಯಮ ಸಡಿಲಿಸುವ ರೂಢಿಯನ್ನು ಮೊದಲು ಬಿಡಬೇಕಾದದ್ದು ಇಲ್ಲಿಯೇ.

ಇತ್ತ ತಗಡಿನ ಮನೆಗಳಿಗಾಗಿ ಬಿಳಿ ಮಾಡಿನ ಚಳವಳಿ ಬಂದದ್ದು ಮರುಭೂಮಿಯ ಅಂಚಿನ ಅಹಮದಾಬಾದಿನಿಂದ. 2010ರ ಭೀಕರ ಬಿಸಿಗಾಳಿಯ ನಂತರ ಆ ನಗರ 2013ರಲ್ಲಿ ಉಷ್ಣ ಕ್ರಿಯಾ ಯೋಜನೆ ರೂಪಿಸಿತು. ಮಾಡುಗಳಿಗೆ ಬಿಳಿ ಸುಣ್ಣ ಬಳಿಯುವ ಕೆಲಸ ಆಮೇಲೆ ಅದಕ್ಕೆ ಸೇರಿತು. ತೆಲಂಗಾಣ 2023ರಲ್ಲಿ ತಂಪು ಮಾಡುಗಳಿಗೆಂದೇ ನೀತಿ ತಂದಿತು. ಮುಂಬಯಿಯ ಹವಾಮಾನ ಕ್ರಿಯಾ ಯೋಜನೆ ಅದಕ್ಕೂ ಮೊದಲೇ, 2022ರ ಮಾರ್ಚ್‌ನಲ್ಲಿ ಬಂತು. ಆದರೆ ಇಲ್ಲಿನ ಮಳೆಗೆ ಸುಣ್ಣ ಉಳಿಯುವುದೇ ಎಂದು ಕೇಳುವವರಿದ್ದಾರೆ. ಪಾಚಿ, ಧೂಳು, ಮಳೆಗಾಲದಲ್ಲಿ ಹೊದಿಸುವ ನೀಲಿ ತಾಡಪತ್ರಿ, ಇವೆಲ್ಲ ಬಿಳುಪನ್ನು ಕೆಡಿಸುವುದು ನಿಜ. ಆದ್ದರಿಂದ ಮಳೆ ಮುಗಿದೊಡನೆ ತಾಡಪತ್ರಿ ತೆಗೆದು ಪ್ರತಿವರ್ಷ ಬಳಿಯುವುದನ್ನು ದುರಸ್ತಿಯ ಭಾಗವಾಗಿ ಎಣಿಸಬೇಕು. ಮಾಡಿನಡಿ ಗಾಳಿಯಾಡುವ ಸಂದು ಬಿಟ್ಟು ಒಳಮಾಳಿಗೆ ಹಾಕಿದರೆ ಮಳೆಗಾಲವೂ ಅದಕ್ಕೆ ಅಡ್ಡಿಯಲ್ಲ. ನಾಳೆ ಒಡೆಯುವ ಮನೆಗೆ ಯಾಕೆ ಖರ್ಚು ಎಂಬುದು ಇನ್ನೊಂದು ಆಕ್ಷೇಪ. ಧಾರಾವಿಯ ಪುನರಭಿವೃದ್ಧಿಯ ಮಾತು 2004ರಿಂದ ನಡೆದಿದೆ. ಆ ಮಾತಿನ ನಡುವೆ ಹುಟ್ಟಿದ ಮಗು ಅದೇ ಸೂರಿನಡಿ ಬೆಳೆದು ದೊಡ್ಡದಾಗಿದೆ. ಬರಲಿರುವ ಗೋಪುರದ ಹೆಸರಿನಲ್ಲಿ ಅಷ್ಟು ಬೇಸಗೆಗಳನ್ನು ಬೇಯಲು ಬಿಡುವುದಕ್ಕೆ ಸಮರ್ಥನೆಯಿಲ್ಲ.

ಉಳಿದದ್ದು ಅತಿ ಗಂಭೀರವಾದ ಆಕ್ಷೇಪ. ಉಳ್ಳವರು ಎಸಿಯಲ್ಲಿ ಮಲಗಿ ಬಡವರಿಗೆ ಸುಣ್ಣ, ಫ್ಯಾನುಗಳ ಉಪದೇಶ ಮಾಡುವುದು ನ್ಯಾಯವೇ? ಕಾಯಿಲೆಯವರಿಗೆ, ಹಸುಗೂಸಿಗೆ, ಇರುಳೂ ಆರದ ದಿನಗಳಿಗೆ ಎಸಿ ಬೇಕಾಗಬಹುದು. ಅದನ್ನು ಕೊಳ್ಳುವ ಹಕ್ಕನ್ನು ಯಾರೂ ಪ್ರಶ್ನಿಸಲಾಗದು. 2019ರ ಭಾರತದ ತಂಪೀಕರಣ ಕ್ರಿಯಾ ಯೋಜನೆಯೂ ಹಿತಕರ ಉಷ್ಣತೆ ಎಲ್ಲರಿಗೂ ಸಿಗಬೇಕೆಂದಿದೆ. ನನ್ನ ವಾದ ಕ್ರಮದ ಬಗ್ಗೆ. ಕಾದ ತಗಡಿನಡಿ, ಸಂದುಗಳಿರುವ ಗೋಡೆಗಳ ನಡುವೆ ಎಸಿ ಹೆಚ್ಚು ಹೊತ್ತು ದುಡಿದು ಕಡಿಮೆ ತಣಿಸುತ್ತದೆ; ಕರೆಂಟಿನ ಬಿಲ್ಲು ಬಡಕುಟುಂಬದ ಮೇಲೇ ಬೀಳುತ್ತದೆ. ಒಳಗಿನಿಂದ ಹೀರಿದ ಕಾವನ್ನು ಅದು ಮೂರು ಮೀಟರಿನ ಓಣಿಗೆ ಸುರಿದಾಗ ಎಸಿ ಇಲ್ಲದ ನೆರೆಮನೆಯ ಕಿಟಕಿಯಿಂದ ಬಿಸಿ ಒಳನುಗ್ಗುತ್ತದೆ. ಮಾಮೂಲಿ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಒಂದು ಟನ್ನಿನ ಎಸಿ ಸಾವಿರ ವ್ಯಾಟಿನ ಮಾತು. ಮಾಡು ಮತ್ತು ಗಾಳಿ ಸರಿಯಾದ ಮನೆಯಲ್ಲಿ ಎಸಿ ವರ್ಷದ ಕೆಲವೇ ಇರುಳುಗಳಿಗೆ ಬೇಕಾಗುತ್ತದೆ, ಚಿಕ್ಕದೇ ಸಾಕಾಗುತ್ತದೆ. ಬಡವರ ಪರವಾಗಿ ಎಸಿ ಕೇಳುವವರೇ ಮೊದಲು ಈ ಎರಡನ್ನು ಕೇಳಬೇಕು.

ಹಾಗಾಗಿ ಕೆಲಸವನ್ನು ಮನೆಯ ಬಗೆ ನೋಡಿ ಹಂಚಬೇಕು. ತಗಡಿನ ಖೋಲಿಗೆ ಮೊದಲು ಮಾಡು: ಪ್ರತಿ ನವೆಂಬರಿನಿಂದ ಫೆಬ್ರವರಿಯೊಳಗೆ, ವಾರ್ಡ್ ಮಟ್ಟದಲ್ಲಿ, ಪಾಲಿಕೆಯ ಖರ್ಚಿನಲ್ಲಿ, ಮಾಳಾ ಇರುವ ಮನೆಗಳಿಂದ ಆರಂಭಿಸಿ. ಈಗಿರುವ ಪುನರ್ವಸತಿ ಕಟ್ಟಡಗಳಿಗೆ ಮೊದಲು ಗಾಳಿ: ಮುಚ್ಚಿದ ಪಡಸಾಲೆ, ಡಕ್ಟುಗಳನ್ನು ತೆರೆದು, ಬಾಗಿಲ ಮೇಲೆ ಗಾಳಿಗಂಡಿ ಕೊರೆದು. ಇನ್ನು ಕಟ್ಟಲಿರುವ ಧಾರಾವಿಗೆ, ಬಿಡಿಡಿ ಚಾಳುಗಳ ಜಾಗದಲ್ಲಿ ಏಳಲಿರುವ ಉಳಿದ ಗೋಪುರಗಳಿಗೆ, ವಿಸ್ತೀರ್ಣದ ಜೊತೆಗೆ ಪ್ರತಿ ಮನೆಯ ತೆರವಿನ ಪ್ರಮಾಣ, ಎದುರುಬದುರು ಗಾಳಿಯ ದಾರಿ, ಕಟ್ಟಡಗಳ ನಡುವಿನ ಅಂತರಗಳನ್ನೂ ಕರಾರಿನಲ್ಲಿ ಅಂಕಿಗಳಾಗಿ ಬರೆದು, ಕೀಲಿಕೈ ಕೊಡುವ ಮುನ್ನ ಅಳೆಯಬೇಕು. ಎಷ್ಟು ಚದರ ಅಡಿ ಎಂದು ಮೂವತ್ತು ವರ್ಷ ಚೌಕಾಸಿ ಮಾಡಿದ ನಗರ ಇನ್ನು ಮೇಲೆ ಎಷ್ಟು ಗಾಳಿ ಎಂದೂ ಕೇಳಬೇಕು. ಆ ಲೆಕ್ಕಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿಯೇ ಬೆಳೆದಿದೆ, ನಿಯಮದ ಅಂಕಿಯೂ ಅಚ್ಚಾಗಿದೆ. ಮುನ್ನೂರು ಚದರ ಅಡಿಯವರಿಗೂ ಅದು ಅನ್ವಯಿಸುತ್ತದೆಂದು ಒಪ್ಪುವ ಕೆಲಸ ಮಾತ್ರ ಬಾಕಿ.